ಚಪ್ಪಟೆ ದೋಣಿಯವರನ್ನು ಹುಡುಕಿಕೊಂಡು

ಇತಿಹಾಸ ಸಂಗ್ರಹಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಈಗೀಗ ಪುತ್ತೂರಿನ ನಮ್ಮ ಮನೆಗೆ ಬರುವುದುಂಟು. ಒಳ್ಳೆಯ ಮಕ್ಕಳು. ಕಾಫಿ ಕುಡಿಯುತ್ತಾರೆ, ಹಪ್ಪಳ ತಿನ್ನುತ್ತಾರೆ, ಆಮೇಲೆ ಗಂಟಲು ಸರಿಮಾಡಿಕೊಂಡು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಸಾರ್, ನಿಮ್ಮ ಕಾಲದಲ್ಲಿ ಸಂದರ್ಶನದ ಪದ್ಧತಿ ಹೇಗಿತ್ತು?" ಪದ್ಧತಿಯಂತೆ! ಕೊಡೆ ಮರೆಯಬಾರದು, ಕೊನೆಯ ಬಸ್ಸು ತಪ್ಪಿಸಿಕೊಳ್ಳಬಾರದು, ಯಾರ ಮನೆಯಲ್ಲೂ ಬೆಲ್ಲ ನೀರು ಬೇಡ ಅನ್ನಬಾರದು. ನಮಗೆ ಗೊತ್ತಿದ್ದ ಪದ್ಧತಿ ಅಷ್ಟೇ. ಉಳಿದದ್ದನ್ನು ಜನ ಬೈದು ಕಲಿಸಿದರು.

ನನ್ನ ಬಡ್ತಿ, ವರ್ಗಾವಣೆಗಳ ಕಥೆ ಯಾರಿಗೂ ಬೇಡ, ನನ್ನ ಹೆಂಡತಿಗೇ ಬೇಡ. ಐವತ್ತರ ದಶಕದ ಕೊನೆಯಿಂದ ಕೆಲವು ವರ್ಷ ನಾನು ಮಾಡಿದ ಒಂದು ವಿಚಿತ್ರ ಕೆಲಸವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಮಹಾಯುದ್ಧದಲ್ಲಿ ನಮ್ಮ ನೌಕಾಪಡೆಯ ಲ್ಯಾಂಡಿಂಗ್ ಕ್ರಾಫ್ಟುಗಳಲ್ಲಿ ದುಡಿದವರನ್ನು ಹುಡುಕಿ, ಅವರ ಬಾಯಿಂದ ಯುದ್ಧದ ಕಥೆ ಬರೆದುಕೊಳ್ಳುವ ಕೆಲಸ ಅದು. ಹಡಗಿನಿಂದ ಸೈನಿಕರನ್ನು ತುಂಬಿಕೊಂಡು ಹೋಗಿ ಶತ್ರುವಿನ ದಂಡೆಗೆ ಮೂತಿ ಒತ್ತಿ ನಿಲ್ಲಿಸುವ, ತಳ ಚಪ್ಪಟೆಯಾದ ದೋಣಿಗಳವು. ಎದುರಿನ ಹಲಗೆ ದಡಾರನೆ ಕೆಳಗೆ ಬೀಳುತ್ತದೆ, ಸೈನಿಕರು ಇಳಿದು ಓಡುತ್ತಾರೆ, ದೋಣಿ ಹಿಂದಕ್ಕೆ ಸರಿದು ಮತ್ತೊಂದು ತಂಡವನ್ನು ತರಲು ಹೋಗುತ್ತದೆ. ನಮ್ಮವರು ಅದಕ್ಕೆ ಇಂಗ್ಲಿಷ್ ಹೆಸರಿನ ಗೋಜಿಗೇ ಹೋಗದೆ ಚಪ್ಪಟೆ ದೋಣಿ ಎಂದು ಕರೆದು ಮುಗಿಸಿದ್ದರು.

ಪುತ್ತೂರು, ಸುಳ್ಯ, ಕಡಬದಲ್ಲಿ ಕಡಲೆಲ್ಲಿ ಉಂಟು ಎಂದು ನೀವು ನಗಬಹುದು. ನಮ್ಮ ಮೇಲಧಿಕಾರಿ ದೇಸಾಯರೂ ನಕ್ಕಿದ್ದರು. ಆದರೆ ಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದು ಎಷ್ಟೋ ಹುಡುಗರು ಮಂಗಳೂರಿಗೆ ಹೋಗಿ ನೌಕಾಪಡೆಯ ಭರ್ತಿ ಪಟ್ಟಿಗೆ ಹೆಸರು ಕೊಟ್ಟಿದ್ದರು. "ದೋಣಿ ಗೊತ್ತುಂಟಾ?" ಎಂದು ಕೇಳಿದರೆ "ಗೊತ್ತುಂಟು" ಎಂದಿದ್ದರು. ಕುಮಾರಧಾರೆ ಹೊಳೆಯ ಕಡವಿನಲ್ಲಿ ಗಳ ಹಾಕಿ ದಾಟಿಸುವ ದೋಣಿಯೂ ದೋಣಿಯೇ ತಾನೆ? ಯಾವ ದೋಣಿ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಹೀಗೆ ಕಡಲನ್ನೇ ಕಾಣದವರು ಕಡಲಪಡೆಗೆ ಸೇರಿದರು.

ನಾನು ಅದಕ್ಕೆ ಮೊದಲು ಪ್ರಾಥಮಿಕ ಶಾಲೆಯಲ್ಲಿ ಮಾಸ್ಟ್ರಾಗಿದ್ದವನು. ತುಳು, ಅರೆಭಾಷೆ, ಮಲಯಾಳ, ಕನ್ನಡ ನಾಲ್ಕೂ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಯುದ್ಧದ ಇತಿಹಾಸ ಬರೆಸುತ್ತಿದ್ದ ಸರಕಾರಿ ಕಚೇರಿಯವರು ನನ್ನನ್ನು ಎಳೆದುಕೊಂಡರು. ದೇಸಾಯರು ಧಾರವಾಡದ ಕಡೆಯವರು. ಯುದ್ಧ ಪೂರ್ತಿ ಮುಂಬಯಿಯ ನೌಕಾ ಕಚೇರಿಯಲ್ಲಿ ಕುರ್ಚಿಯ ಮೇಲೆ ಕಳೆದವರು. ಒಳ್ಳೆಯ ಮನುಷ್ಯ, ಆದರೆ ಜಗತ್ತಿನಲ್ಲಿ ನಡೆದದ್ದಕ್ಕೆಲ್ಲ ಒಂದು ಗಂಟೆ, ಒಂದು ನಿಮಿಷ ಇರಲೇಬೇಕೆಂದು ಅವರ ನಂಬಿಕೆ. "ಎಷ್ಟು ಗಂಟೆಕ್ಕ ದಂಡಿ ಮುಟ್ಟಿದ್ರಿ?" ಎಂದು ಅವರು ಕೇಳುವುದು, "ಬೆಳಕು ಬರುವಾಗ ಮಾರಾಯ್ರೆ" ಎಂದು ನಮ್ಮವರು ಹೇಳುವುದು, ದೇಸಾಯರು ಹಣೆ ಒತ್ತಿಕೊಳ್ಳುವುದು. ನನ್ನ ಅರ್ಧ ಸರ್ವಿಸು ಇದನ್ನು ನೋಡುವುದರಲ್ಲೇ ಹೋಯಿತು.

ನಮ್ಮ ಮೊದಲ ಬೇಟೆ ಕೆದಂಬಾಡಿಯ ಸಂಕಪ್ಪ. ದೋಣಿಯಲ್ಲಿ ಗನ್ನು ಹಿಡಿದಿದ್ದವರು ಎಂದು ಕಚೇರಿಗೆ ಗೊತ್ತಿತ್ತು. ನಾವು ಹೋದಾಗ ಜಗಲಿಯಲ್ಲಿ ಸಂಕಪ್ಪನೂ ಅವರ ಮಾವನೂ ಅಡಿಕೆ ಸುಲಿಯುತ್ತ ಕೂತಿದ್ದರು. ಬೆಲ್ಲ ನೀರು ಬಂತು. ದೇಸಾಯರು ಸಕ್ಕರೆ ಕಾಯಿಲೆಯೆಂದು ಹೇಳಿ ಅದನ್ನು ಬದಿಗೆ ಸರಿಸಿದರು. ಮಾವನ ಮುಖ ಆಗಲೇ ಗಂಟಾಯಿತು. ದೇಸಾಯರು ಅಂಗಳ ಬಿರಿಯುವಂಥ ಧ್ವನಿಯಲ್ಲಿ ಕೇಳಿದರು, "ಯುದ್ಧದಾಗ ಇದ್ದವರು ನೀವಽ ಏನ್ರೀ?"

"ಯುದ್ಧವಾ?" ಸಂಕಪ್ಪ ನಮ್ಮ ಮುಖವನ್ನೇ ಮೊದಲ ಬಾರಿ ಮನುಷ್ಯರನ್ನು ಕಂಡವರ ಹಾಗೆ ನೋಡಿದರು. "ಎಂತ ಯುದ್ಧ? ನಾನು ಬೊಂಬಾಯಿಯಲ್ಲಿ ಹೋಟೆಲಿನಲ್ಲಿ ಇದ್ದದ್ದಲ್ವಾ?"

ದೇಸಾಯರು ಹುಬ್ಬು ಗಂಟಿಕ್ಕಿ ಎದ್ದರು. ನಾವು ತೋಟದ ಬೇಲಿ ದಾಟುವಾಗ ಹಿಂದಿನಿಂದ ದಡಬಡ ಸದ್ದು. ಸಂಕಪ್ಪ ಓಡಿ ಬಂದಿದ್ದರು. "ಮಾಸ್ಟ್ರೆ, ನಿಮಗೆ ದಮ್ಮಯ್ಯ. ಯುದ್ಧಕ್ಕೆ ಹೋದವ ಅಂತ ಗೊತ್ತಾಗಿದ್ರೆ ಮಾವ ಹೆಣ್ಣು ಕೊಡ್ತಿದ್ರಾ? ಸಂತೆ ದಿವಸ ಪುತ್ತೂರಿಗೆ ಬರ್ತೇನೆ, ಅಲ್ಲಿ ಎಷ್ಟು ಬೇಕಾದ್ರೂ ಕೇಳಿ." ಬಂದರು ಕೂಡ. ಹೋಟೆಲಿನ ಮೂಲೆಯ ಮೇಜಿನಲ್ಲಿ ಗೋಳಿಬಜೆ ತಿನ್ನುತ್ತ, ಗನ್ನು ಕೈಕೊಟ್ಟದ್ದು, ಅದನ್ನು ಬೈದದ್ದು, ಬೈದ ಮೇಲೆ ಅದು ಸರಿಯಾದದ್ದು ಎಲ್ಲವನ್ನೂ ಹೇಳಿದರು. ದೇಸಾಯರು ಅಂದು ಎರಡು ಪ್ಲೇಟು ಗೋಳಿಬಜೆ ತಿಂದರು, ಸಕ್ಕರೆ ಕಾಯಿಲೆ ನೆನಪಾಗಲಿಲ್ಲ. ಮೊದಲ ಪ್ರಶ್ನೆಯನ್ನು ಯಾರ ಜಗಲಿಯಲ್ಲೂ ಕೇಳಬಾರದು ಎಂದು ನಾವು ಕಲಿತದ್ದು ಹೀಗೆ.

ನೆಲ್ಯಾಡಿಯಲ್ಲಿ ಸಿಕ್ಕಿದವರು ವರ್ಗೀಸ್ ಚೇಟ. ತಿರುವಾಂಕೂರಿನ ಕಡೆಯಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದವರು. ಇವರಿಗೆ ಸಂಕಪ್ಪನ ಹಾಗೆ ನಾಚಿಕೆ ಇಲ್ಲ. ಒಂದು ಮಧ್ಯಾಹ್ನ ಪೂರ್ತಿ ಅವರೇ ಬರ್ಮಾದ ಅರಾಕಾನ್ ಕರಾವಳಿಯನ್ನು ಗೆದ್ದರು. ನಾನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೆ, ದೇಸಾಯರು ಕನ್ನಡದಿಂದ ಇಂಗ್ಲಿಷಿಗೆ ಇಳಿಸುತ್ತಿದ್ದರು, ಗೆಲುವು ದೊಡ್ಡದಾಗುತ್ತ ಹೋಯಿತು. ಸಂಜೆಯ ಹೊತ್ತಿಗೆ ದೇಸಾಯರು ಸುಮ್ಮನೆ ಕೇಳಿದರು, "ದೋಣಿ ತಿರುಗಿಸೋ ಚಕ್ರ ಎಲ್ಲಿ ಇರ್ತಿತ್ತರಿ?"

ಚೇಟ ತಲೆ ಕೆರೆದುಕೊಂಡರು. "ಅದು ನನಗೆ ಹೇಗೆ ಗೊತ್ತು? ನಾನು ಶಿಬಿರದಲ್ಲಿ ಅಡುಗೆಯವ."

ದೇಸಾಯರು ಪೆನ್ನಿನ ಮುಚ್ಚಳ ಹಾಕಿದ ಸದ್ದು ನನಗೆ ಈಗಲೂ ಕೇಳುತ್ತದೆ. ಚೇಟನಿಗೆ ಪಾಪ ಅನ್ನಿಸಿರಬೇಕು. "ದೋಣಿ ಓಡಿಸಿದವನೇ ಬೇಕಾದರೆ ಕಡಬಕ್ಕೆ ಹೋಗಿ, ಕಡವಿನ ಮೋನಪ್ಪನನ್ನು ಕೇಳಿ. ಅವನಷ್ಟು ಒಳ್ಳೆಯ ಕೈ ನಮ್ಮ ಶಿಬಿರದಲ್ಲಿ ಇರಲಿಲ್ಲ. ಅವನಷ್ಟು ಬೈಗಳು ತಿಂದವನೂ ಇರಲಿಲ್ಲ" ಎಂದರು.

ಮೋನಪ್ಪ ಕುಮಾರಧಾರೆಯಲ್ಲಿ ಜನ ದಾಟಿಸುತ್ತಿದ್ದ. ಅವನ ಅಪ್ಪನೂ ಅದನ್ನೇ ಮಾಡಿದವನು. ನಲವತ್ತು ದಾಟದ ಗಟ್ಟಿ ಆಳು, ಬಾಯಿಗೆ ಬೀಗವೇ ಇಲ್ಲ. ಬೈಗಳು ಯಾಕೆ ತಿಂದೆ ಎಂದು ನಾನು ಕೇಳಿದ ಕೂಡಲೇ ಅವನಿಗೆ ಖುಷಿಯಾಯಿತು.

"ಅದು ಹೊಳೆಯ ಅಭ್ಯಾಸ ಮಾಸ್ಟ್ರೆ. ನಾವು ದಡಕ್ಕೆ ನೇರ ಹೋಗುದುಂಟಾ? ಮೂತಿ ಸ್ವಲ್ಪ ನೀರಿನ ಮೇಲ್ಬದಿಗೆ ತಿರುಗಿಸಿದ್ರೆ ನೀರೇ ದೋಣಿಯನ್ನು ತಂದು ಒರಗಿಸ್ತದೆ. ಮಂಡಪಂ ಶಿಬಿರದಲ್ಲಿ ತರಬೇತಿ ಕೊಡುವಾಗ ನಾನು ಕಡಲಲ್ಲೂ ಹಾಗೇ ಓರೆ ತಂದೆ. ಹಿಂದಿನಿಂದ ಒಂದು ಅಲೆ ಬಂತು, ದೋಣಿ ಅಡ್ಡ ಬಿದ್ದು ಅಷ್ಟೂ ಸಿಪಾಯಿಗಳು ನೀರಿಗೆ! ಕಲಿಸುವ ಬಿಳಿ ದೊರೆ ದಂಡೆಯಲ್ಲಿ ಕುಣಿಯುದೊಂದು ಬಾಕಿ."

ಹೊಳೆಯವರೆಲ್ಲ ಮಾಡಿದ ತಪ್ಪಂತೆ ಇದು. ಕಡಲಿನ ಬದಿಯಲ್ಲಿ ಹುಟ್ಟಿದವರು ಯಾರೂ ಮಾಡಲಿಲ್ಲ. ಅಲೆಯ ಕಡೆ ಬೆನ್ನು ನೇರ ಇಟ್ಟು ನುಗ್ಗುವುದನ್ನು ಇವರಿಗೆ ಕಲಿಸಲು ತಿಂಗಳುಗಟ್ಟಲೆ ಬೇಕಾಯಿತು. ದೇಸಾಯರಿಗೆ ಇದನ್ನು ಕಣ್ಣಾರೆ ಕಾಣುವ ಆಸೆಯಾಯಿತು. "ಹಂಗಾದ್ರ ಕಡಲಾಗ ಹೆಂಗ ನುಗ್ಗತಿದ್ದಿ, ಇಲ್ಲೇ ಒಮ್ಮೆ ತೋರಸು" ಎಂದರು.

"ಬೇಡ ಸಾಹೇಬ್ರೆ, ಇದಕ್ಕೆ ಎದುರಿಗೆ ಬೀಳುವ ಹಲಗೆ ಇಲ್ಲ."

"ಏನಾಗೂದಿಲ್ಲ, ತೋರಸು."

ಮೋನಪ್ಪ ತೋರಿಸಿದ. ದೋಣಿಯಲ್ಲಿ ನಾವಲ್ಲದೆ ಕಡಬ ಪೇಟೆಗೆ ಹೊರಟ ಇಬ್ಬರು ಹೆಂಗಸರಿದ್ದರು, ಒಂದು ಆಡೂ ಇತ್ತು. ನಡು ಹೊಳೆಯಿಂದ ನೇರ ದಡಕ್ಕೆ ಬಿಟ್ಟದ್ದೇ, ದೋಣಿ ಮರಳಿಗೆ ಬಡಿದು ಗಕ್ಕನೆ ನಿಂತಿತು, ದೇಸಾಯರು ನಿಲ್ಲಲಿಲ್ಲ. ಮೊಣಕಾಲು ನೀರಿನಲ್ಲಿ ಕೂತು ಟೋಪಿ ಹುಡುಕುತ್ತಿದ್ದ ಅವರನ್ನು ನೋಡಿ ಆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಡು ಮಾತ್ರ ಸರಿಯಾಗಿ ಇಳಿದು ದಡ ಹತ್ತಿತ್ತು. ಅಂದಿನಿಂದ ದೇಸಾಯರು ಮೋನಪ್ಪನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು.

ಆ ಹೊತ್ತಿಗೆ ಕಚೇರಿಗೆ ಟೇಪ್ ರೆಕಾರ್ಡರ್ ಬಂತು. ಕೈಯಲ್ಲಿ ಬರೆಯುವ ಕಾಲ ಮುಗಿಯಿತೆಂದು ಎಲ್ಲರೂ ಸಂಭ್ರಮಪಟ್ಟರು. ಹುಲ್ಲಿನಲ್ಲಿ ಕಟ್ಟಿದ ಭತ್ತದ ಮುಡಿಯಷ್ಟು ಭಾರದ ಪೆಟ್ಟಿಗೆ, ಹೊರುವವನು ನಾನು. ಕಡಬಕ್ಕೆ ಹೊತ್ತು ತಂದು ಇಳಿಸಿದ ಮೇಲೆ, ಕಡವಿನಲ್ಲಿ ಕರೆಂಟೇ ಇಲ್ಲ ಎಂಬುದು ನಮಗೆ ಹೊಳೆಯಿತು. ಕೊನೆಗೆ ಪುತ್ತೂರಿನ ನಮ್ಮ ಕಚೇರಿ ಕೋಣೆಗೇ ಮೋನಪ್ಪನನ್ನು ಕರೆಸಿದೆವು. ಅಷ್ಟು ಮಾತಿನ ಮನುಷ್ಯ ತಿರುಗುವ ಚಕ್ರಗಳನ್ನು ಕಂಡು ಬಾಯಿ ಬಿಡಲಿಲ್ಲ. "ಇದು ನನ್ನ ಮುಖ ನೋಡಿ ಹ್ಞೂಂ ಅನ್ನುದಿಲ್ಲ ಮಾಸ್ಟ್ರೆ, ಯಾರಿಗೆ ಹೇಳುದು?" ಎಂದ. ನಾನು ಪೆಟ್ಟಿಗೆಯ ಹಿಂದೆ ಕೂತು ಹ್ಞೂಂಗುಟ್ಟಿದ ಮೇಲೆ ಕಥೆ ಹೊರಟಿತು. ನಿಮ್ಮ ಹೊಸ ಯಂತ್ರಗಳು ಅಂಗೈಯಲ್ಲಿ ಹಿಡಿಯುತ್ತವೆ, ಸಂತೋಷ. ಹ್ಞೂಂಗುಟ್ಟುವುದನ್ನು ಮಾತ್ರ ನೀವೇ ಮಾಡಬೇಕು.

ಅಂದು ಮೋನಪ್ಪ ಎಲ್ಲ ಹೇಳಿದ. ತರಬೇತಿಯ ದೊರೆಯ ನಾಯಿಯ ಹೆಸರೂ ಹೇಳಿದ. ದೋಣಿಯಲ್ಲಿ ನಾಲ್ವರಿದ್ದೆವು, ಹಲಗೆ ಇಳಿಸುವವ ಮಲ್ಪೆಯವ, ಗನ್ನಿಗೆ ಕೆದಂಬಾಡಿಯ ಸಂಕಪ್ಪ, ಚಕ್ರಕ್ಕೆ ನಾನು ಎಂದ. "ಇಂಜಿನಿಗೆ?" ಎಂದೆ.

"ಇಂಜಿನಿಗೆ ಒಬ್ಬ ಇದ್ದ."

"ಹೆಸರು?"

"ಮರೆತುಹೋಯ್ತು. ಮಾಸ್ಟ್ರೆ, ಈ ಸಲ ಹೊಳೆಯಲ್ಲಿ ಮೀನು ಎಂತ ಮೀನು ಗೊತ್ತುಂಟಾ!"

ನಾಯಿಯ ಹೆಸರು ನೆನಪಿದ್ದವನಿಗೆ ಒಂದೇ ದೋಣಿಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಕೂತವನ ಹೆಸರು ಮರೆಯುವುದುಂಟೆ? ಅರಾಕಾನಿನಲ್ಲಿ ಸಿಪಾಯಿಗಳನ್ನು ಇಳಿಸಿದ ಒಂದು ದಿನದ ತನಕ ಬಂದು, ಅಲ್ಲಿಂದ ಕುಮಾರಧಾರೆಯ ಮೀನಿಗೆ ಹಾರುವುದು ಅವನ ರೂಢಿಯಾಗಿತ್ತು. ಸಂತೆಯ ದಿನ ಸಂಕಪ್ಪನನ್ನು ಹಿಡಿದು ಕೇಳಿದೆ. ಅವರೂ ಗೋಳಿಬಜೆಯನ್ನು ಅರ್ಧಕ್ಕೆ ಬಿಟ್ಟು, "ಅದು ಮೋನಪ್ಪನೇ ಹೇಳ್ಬೇಕಾದ್ದು" ಎಂದು ಎದ್ದು ಹೋದರು. ನನಗೆ ಸಿಟ್ಟು ಬಂತು. ಊರೂರು ಸುತ್ತಿ ಸವೆದದ್ದು ನನ್ನ ಚಪ್ಪಲಿ, ಗುಟ್ಟು ಇವರಿಬ್ಬರದ್ದು.

ಉತ್ತರ ಸಿಕ್ಕಿದ್ದು ಸಂಪಾಜೆಯಲ್ಲಿ. ಅಲ್ಲೊಂದು ಗೌಡರ ಮನೆಯ ಮಗ ಚಪ್ಪಟೆ ದೋಣಿಗೆ ಹೋದವನು ಮರಳಿ ಬಂದಿಲ್ಲ ಎಂದು ಸುಳ್ಯದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಹೋದೆವು. ಮಡಿಕೇರಿ ರಸ್ತೆಯಿಂದ ಸ್ವಲ್ಪ ಕೆಳಗೆ ಮನೆ. ಹುಡುಗನ ಹೆಸರು ಬಾಬು. ಅವನ ತಾಯಿ ಚೆನ್ನಮ್ಮಜ್ಜಿ ನಮ್ಮನ್ನು ಅಂಗಳದಲ್ಲೇ ತಡೆದು ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದರು. ಅಜ್ಜಿಯ ಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಆ ಖಾರ ಪೂರ್ತಿ ಬರುವುದಿಲ್ಲ.

"ಸರಕಾರದವರಾ? ಮಗ ಕಾಣೆಯಾಗಿದ್ದಾನೆ ಅಂತ ಹೇಳಿ ಹೋದವರು ಈಗ ಬಂದದ್ದಾ? ಹುಡುಕ್ಲಿಕ್ಕೆ ನಡೆದುಕೊಂಡೇ ಹೋಗಿದ್ರಾ ಬರ್ಮಾಕ್ಕೆ?"

ದೇಸಾಯರು ಬೆಲ್ಲ ನೀರನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು. ಅಷ್ಟು ಕಲಿತಿದ್ದರು.

ಅಜ್ಜಿಯ ಕಿರಿಯ ಮಗ ಕುಶಾಲಪ್ಪ ನಮ್ಮನ್ನು ಜಗಲಿಯಲ್ಲಿ ಕೂರಿಸಿ ತನ್ನ ತಾಪತ್ರಯ ಹೇಳಿಕೊಂಡ. ನಮ್ಮಲ್ಲಿ ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ, ತೀರಿಕೊಂಡ ಹಿರಿಯರಿಗೆ ಬಡಿಸುವ ಕ್ರಮ ನಿಮಗೆ ಗೊತ್ತಿರಬಹುದು. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ, ಅವರವರಿಗೆ ಇಷ್ಟದ ಅಡುಗೆ. ಬಡಿಸಿ, ಕೋಣೆಯ ಬಾಗಿಲು ಎಳೆದುಕೊಂಡು ಮನೆಯವರು ಸ್ವಲ್ಪ ಹೊತ್ತು ಹೊರಗೆ ಕೂರಬೇಕು, ಒಳಗೆ ಹಿರಿಯರು ಉಣ್ಣುತ್ತಾರೆಂದು ನಂಬಿಕೆ. ಬಾಬುವಿಗೂ ಒಂದು ಎಲೆ ಹಾಕೋಣವೆಂದು ಕುಶಾಲಪ್ಪ, ಕೂಡದೆಂದು ತಾಯಿ. ಪ್ರತಿ ಆಟಿಗೂ ಇದೇ ಜಗಳ.

"ಅವನಿಗೆಂತ ಹೇಳ್ಲಿಕ್ಕೆ?" ಅಜ್ಜಿ ಒಳಗಿನಿಂದಲೇ ಕೂಗಿದರು. "ಬದುಕಿದ್ದವನಿಗೆ ಎಲೆ ಹಾಕಿದ್ರೆ ನಾನೇ ಕೊಂದ ಹಾಗೆ. ಸತ್ತವನಿಗೆ ಹಾಕದಿದ್ರೆ ಉಪವಾಸ ಕೆಡವಿದ ಹಾಗೆ. ಯಾವುದು ಅಂತ ಯಾರಾದ್ರೂ ಒಬ್ಬ ಸರಿಯಾಗಿ ಹೇಳ್ಲಿ, ಹಾಗೇ ಮಾಡ್ತೇನೆ." ಆಮೇಲೆ ಬಾಗಿಲಿಗೆ ಬಂದು ನಿಂತು ದನಿ ತಗ್ಗಿಸಿದರು. "ಆದ್ರೆ ಅವ ಬದುಕಿದ್ದಾನೆ. ಕಡಬದ ಮೋನಪ್ಪ ಯುದ್ಧ ಮುಗಿಸಿ ಬಂದವ ಇಲ್ಲಿಗೇ ಬಂದು ಹೇಳಿದ್ದಾನೆ, ಬೇರೆ ಹಡಗಿಗೆ ಹಾಕಿದ್ದಾರೆ, ಬರ್ತಾನೆ ಅಂತ. ಅವ ಸುಳ್ಳು ಹೇಳುದುಂಟಾ? ಇಬ್ಬರೂ ಒಂದೇ ದೋಣಿಯವರು."

ನಾನೂ ದೇಸಾಯರೂ ಮುಖ ಮುಖ ನೋಡಿಕೊಂಡೆವು. ಮೋನಪ್ಪ ಹೆಸರು ಮರೆತ ಇಂಜಿನಿನವ ಇವನೇ. ಸುಳ್ಯದಲ್ಲಿ ಇಳಿದ ಮೇಲೆ ದೇಸಾಯರು ಹೇಳಿದರು, "ನಮ್ಮ ಇತಿಹಾಸಕ್ಕ ದಂಡಿ ಮುಟ್ಟಿದ ಗಂಟೆ ಸಿಕ್ಕರ ಸಾಕು ಮಾಸ್ತರ. ಆದ್ರ ಈ ತಾಯಿಗೆ ಸಾಲೂದಿಲ್ಲ. ನೀವು ಹೋಗ್ರಿ ಮೋನಪ್ಪನವರ ಕಡೆ."

ಹೊಳೆ ತುಂಬಿ ಕಡವು ನಿಂತಿದ್ದ ಆಟಿಯ ಮೊದಲ ವಾರ. ಮೋನಪ್ಪ ಮನೆಯ ಹೊರಗೆ ಕೂತು ಬುಟ್ಟಿ ಹೆಣೆಯುತ್ತಿದ್ದ. "ಚೆನ್ನಮ್ಮಜ್ಜಿಯನ್ನು ಕಂಡು ಬಂದೆ" ಎಂದೆ. ಅವನ ಕೈ ನಿಂತಿತು. ಮೀನಿನ ಮಾತು ಈ ಸಲ ಬರಲಿಲ್ಲ.

"ಆ ದಿವಸ ನಾವು ಹೋದಲ್ಲಿ ಕಡಲು ಇರ್ಲಿಲ್ಲ ಮಾಸ್ಟ್ರೆ" ಎಂದ ಬುಟ್ಟಿ ಬದಿಗಿಟ್ಟು. "ಕಾಡಿನ ನಡುವೆ ಉಪ್ಪುನೀರಿನ ತೋಡು, ಸಣ್ಣ ಹೊಳೆಯ ಹಾಗೆ. ಸೆಳೆತ ನಮ್ಮ ಹೊಳೆಯದ್ದೇ. ದೊರೆ ಕಲಿಸಿದ ಹಾಗೆ ನೇರ ಹೋದವರನ್ನೆಲ್ಲ ನೀರು ಎಳಕೊಂಡು ಹೋಯ್ತು. ನಾನು ಮರ್ಯಾದೆಯಲ್ಲಿ ಓರೆ ತಂದು ಒರಗಿಸಿದೆ, ನಮ್ಮ ಕಡವಿಗೆ ಒರಗಿಸಿದ ಹಾಗೆ. ಸಿಪಾಯಿಗಳೆಲ್ಲ ಕಾಲು ಒದ್ದೆಯಾಗದೆ ಇಳಿದ್ರು. ಬಾಬು ಹಿಂದಿನಿಂದ ಕೂಗಿ ಹೇಳಿದ, 'ಭಾರೀ ಆಯ್ತು ಮೋನಪ್ಪಣ್ಣ' ಅಂತ. ಹಿಂದೆ ತೆಗೆಯುವಾಗ ಕೆಸರು ಸಿಕ್ಕಿ ಇಂಜಿನ್ ನಿಂತಿತು. ಅವ ಮೇಲೆ ಬಂದು ಬಗ್ಗಿ ಕೈ ಹಾಕಿ ಕೆಸರು ತೆಗೆದ. ಇಂಜಿನ್ ಹಿಡಿಯಿತು. ಆಗಲೇ ಮರಗಳ ಎಡೆಯಿಂದ ಗುಂಡು ಬಂತು. ಅವ ನೀರಿಗೆ ಬಿದ್ದ. ನಾನು ನೋಡಿದ್ದೇನೆ ಮಾಸ್ಟ್ರೆ, ಎದೆಗೇ ಬಿದ್ದದ್ದು. ಸೆಳೆತ ತಕೊಂಡು ಹೋಯ್ತು. ಹೆಣವೂ ಸಿಗ್ಲಿಲ್ಲ."

"ಮತ್ತೆ ಅಜ್ಜಿಗೆ ಯಾಕೆ ಹಾಗೆ ಹೇಳಿದೆ?"

"ಹೇಳ್ಬೇಕು ಅಂತಲೇ ಹೋದದ್ದು. ನನ್ನನ್ನು ಅಂಗಳದಲ್ಲಿ ಕಂಡದ್ದೇ ಅವರು ಕಾಲಿಗೆ ನೀರು ಕೊಟ್ಟು, ಕೈ ಹಿಡಿದು ಒಳಗೆ ಕರಕೊಂಡು ಹೋಗಿ ಎಲೆ ಹಾಕಿದ್ರು. ಎಲೆಯ ಎದುರು ಕೂತು ಸಾವಿನ ಸುದ್ದಿ ಹೇಳುದುಂಟಾ? ಉಂಡ ಮೇಲೆ ಹೇಳುವ ಅಂತ ಇದ್ದೆ. ಅವರು ಬಡಿಸ್ತಾ ಹೋದ್ರು, ಬಾಬುವಿಗೆ ಇದು ಇಷ್ಟ, ಅದು ಇಷ್ಟ ಅಂತ. ಆ ಮನೆಯ ಅನ್ನ ಹೊಟ್ಟೆ ತುಂಬ ತಿಂದು ಕೈ ತೊಳೆಯುವಾಗ ಕೇಳಿದ್ರು, ಅವ ಯಾವಾಗ ಬರುದು ಅಂತ. ಬಾಯಲ್ಲಿ ಬಂದದ್ದು ಅದು. ಆಮೇಲೆ ಆ ದಾರಿಯಲ್ಲಿ ಹೋಗ್ಲೇ ಇಲ್ಲ ನಾನು."

ನಮ್ಮ ಕಡೆಯವರು ಯಾರಾದರೂ ಮಾಡಬಹುದಾದ ತಪ್ಪು ಅದು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆನೋ ಏನೋ. ಆದರೆ ಒಂದು ಊಟದ ದಾಕ್ಷಿಣ್ಯಕ್ಕೆ ಒಬ್ಬ ತಾಯಿ ಇಷ್ಟು ವರ್ಷ ಬಾಗಿಲು ಕಾದಿದ್ದಳು. "ಏಳು ಮೋನಪ್ಪ, ಹೋಗುವ" ಎಂದೆ. ಹೊಳೆ, ಮಳೆ, ಬುಟ್ಟಿ ಎಂದೆಲ್ಲ ನೆಪ ತೆಗೆದ. "ಈ ಸಲ ಅಲ್ಲಿ ನೀರು ಕೂಡ ಕುಡಿಯಬೇಡ. ಹೇಳಿದ ಮೇಲೆ ಬೇಕಾದ್ರೆ ಪೆಟ್ಟು ತಿನ್ನು" ಎಂದು ಗದರಿಸಿದೆ. ಎದ್ದ.

ಪುತ್ತೂರಿನಲ್ಲಿ ದೇಸಾಯರೂ ಕೂಡಿಕೊಂಡರು. ಬಸ್ಸು ಬದಲಿಸಿ ಸಂಪಾಜೆ ಮುಟ್ಟುವಾಗ ಸಂಜೆಯಾಗುತ್ತ ಬಂದಿತ್ತು. ನಮ್ಮ ಗ್ರಹಚಾರಕ್ಕೆ ಅವರ ಮನೆಯಲ್ಲಿ ಹಿರಿಯರಿಗೆ ಬಡಿಸುವುದು ಅದೇ ದಿನ. ಕೋಳಿ ಸಾರು, ಕಡುಬು, ಎಳೆ ಬಿದಿರಿನ ಕಣಿಲೆಯ ಪಲ್ಯ ಎಲ್ಲದರ ಪರಿಮಳ ಅಂಗಳದ ತನಕ ಬರುತ್ತಿತ್ತು. ಚೆನ್ನಮ್ಮಜ್ಜಿ ಮೋನಪ್ಪನನ್ನು ಕಂಡವರೇ, "ಬಾ ಬಾ, ಈಗಲಾದ್ರೂ ದಾರಿ ನೆನಪಾಯ್ತಾ? ಒಳ್ಳೆ ದಿವಸವೇ ಬಂದೆ, ಕೂತುಕೋ, ಕಾಲಿಗೆ ನೀರು..." ಎನ್ನುತ್ತ ಚೆಂಬು ಎತ್ತಿದರು.

ಮೋನಪ್ಪ ಚೆಂಬಿಗೆ ಕೈ ಅಡ್ಡ ಹಿಡಿದ. "ನೀರು ಬೇಡಮ್ಮ. ಮೊದಲು ಒಂದು ಮಾತು ಹೇಳ್ಲಿಕ್ಕುಂಟು."

ನಿಂತುಕೊಂಡೇ ಹೇಳಿದ. ತೋಡು, ಕೆಸರು, ಇಂಜಿನು, ಗುಂಡು, ಸೆಳೆತ. ನನಗೆ ಹೇಳಿದಷ್ಟನ್ನೇ, ಒಂದೂ ಬಿಡದೆ. ಅಜ್ಜಿ ಚೆಂಬು ಹಿಡಿದುಕೊಂಡೇ ಕೇಳಿದರು. ಮುಗಿದ ಮೇಲೆ ಅದನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಕುಶಾಲಪ್ಪ ಕಂಬಕ್ಕೆ ಮುಖ ಒತ್ತಿ ಅಳುತ್ತಿದ್ದ. ಅಷ್ಟು ವರ್ಷ ಎಲೆ ಹಾಕುವ, ಎಲೆ ಹಾಕುವ ಎಂದು ಹಟ ಹಿಡಿದವನು ಅವನೇ.

"ಆವತ್ತು ಅಷ್ಟು ಬಡಿಸಿದೆನಲ್ಲ ನಿನಗೆ" ಎಂದರು ಅಜ್ಜಿ. "ಅಷ್ಟನ್ನೂ ತಿಂದು ಸುಳ್ಳು ಹೇಳಿದೆಯಾ, ಹಡಬೆ?"

"ಹೌದಮ್ಮ."

"ಕಣ್ಣಾರೆ ನೋಡಿದ್ದೀಯಾ?"

"ನೋಡಿದ್ದೇನೆ."

ದೇಸಾಯರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಗಂಟೆ ಎಷ್ಟೆಂದು ಕೇಳಲಿಲ್ಲ. ಅಜ್ಜಿಯೇ ಒಂದು ಪ್ರಶ್ನೆ ಕೇಳಿದರು. ಅಷ್ಟು ವರ್ಷ ನಾವು ಹೊತ್ತು ತಿರುಗಿದ ಪ್ರಶ್ನೆಗಳಲ್ಲಿ ಅದು ಇರಲಿಲ್ಲ.

"ಆ ದಿವಸ ಅವ ಉಂಡಿದ್ದನಾ?"

ಮೋನಪ್ಪ ನನ್ನ ಕಡೆ ನೋಡಿದ. ಉಂಡಿದ್ದ ಅಂದುಬಿಡಲೇ ಎಂದು ಕಣ್ಣಿನಲ್ಲೇ ಕೇಳಿದ. ನಾನು ಕೊಡೆ ಮಡಚುವ ನೆಪದಲ್ಲಿ ತಲೆ ತಗ್ಗಿಸಿದೆ. ಅವನು ತಿರುಗಿ ಅಜ್ಜಿಯ ಮುಖ ನೋಡಿ ಹೇಳಿದ, "ಇಲ್ಲಮ್ಮ. ಬೆಳಗ್ಗಿನ ಚಾ ಮಾತ್ರ. ಹಿಂದೆ ಬಂದು ಉಣ್ಣುವ ಅಂತ ಇದ್ದೆವು."

ಅಜ್ಜಿ ಒಳಗೆ ನಡೆದರು. ಅಲ್ಲಿ ಸಾಲಾಗಿ ಎಲೆ ಹಾಕಿ ಆಗಿತ್ತು, ಮೊದಲನೆಯದು ಮನೆ ಕಟ್ಟಿದ ಮುತ್ತಜ್ಜನದ್ದು. ಅಜ್ಜಿ ಅದಕ್ಕೂ ಮೇಲೆ, ದೀಪದ ಹತ್ತಿರ, ಇನ್ನೊಂದು ಎಲೆ ಹಾಕಿ ಕಡುಬು ಬಡಿಸತೊಡಗಿದರು. ಕುಶಾಲಪ್ಪ ಗಾಬರಿಯಿಂದ, "ಅಮ್ಮಾ, ಅವನನ್ನು ಹಿರಿಯರ ಜೊತೆ ಕೂಡಿಸುವ ಕ್ರಮ ಆಗ್ಲಿಲ್ಲ. ಮತ್ತೆ ಮುತ್ತಜ್ಜನಿಗಿಂತ ಮೊದಲು ಬಡಿಸುದು..." ಎಂದ.

"ಕ್ರಮ ಎಲ್ಲ ನಾಳೆ ಮಾಡುವ. ಮುತ್ತಜ್ಜ ಸ್ವಲ್ಪ ಕಾಯ್ಲಿ, ಅವರೆಲ್ಲ ಇಲ್ಲೇ ಉಂಡು ಸತ್ತವರು."

ಕೋಳಿ ಸಾರು ಎಲೆಯಿಂದ ಹರಿದು ಹೋಗುವಷ್ಟು ಹಾಕಿದರು. ಆಮೇಲೆ ಉಳಿದವರಿಗೂ ಬಡಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತರು. ಮೋನಪ್ಪ ಅಂಗಳದಲ್ಲೇ ನಿಂತಿದ್ದ. ಅಜ್ಜಿ ಪಕ್ಕದ ಚಾಪೆ ತೋರಿಸಿದರು, ಅವನು ಬಂದು ಕೂತ. ನಾವೂ ಕೂತೆವು. ಬಾಗಿಲು ತೆರೆಯುವ ಹೊತ್ತು ದಾಟಿತು, ಕತ್ತಲಾಗುತ್ತ ಬಂತು, ಅಜ್ಜಿ ಏಳಲಿಲ್ಲ. ಕೊನೆಗೆ ಕುಶಾಲಪ್ಪ ಎದ್ದು ಬಾಗಿಲಿನ ಮೇಲೆ ಕೈ ಇಟ್ಟ.

"ಇರು ಮಾರಾಯ" ಎಂದರು ಅಜ್ಜಿ. "ಎಷ್ಟು ವರ್ಷದ ಹಸಿವೆ ಅದು, ನಿಧಾನ ಉಣ್ಲಿ."